ಸಾರು ಆರುವ ಮೊದಲು



ನಮ್ಮ ಮನೆಯಲ್ಲಿ ರಾತ್ರಿಯ ಊಟ ತಾಯಿಯವರ ಇನ್ಸುಲಿನ್ ಸೂಜಿಯಿಂದಲೇ ಆರಂಭ. ಕೆಲವು ವರ್ಷಗಳ ಹಿಂದೆ ಚುಚ್ಚಿಕೊಂಡ ಮೇಲೆ ಅರ್ಧ ಗಂಟೆ ಕಾಯಬೇಕಾಗಿತ್ತು. ಅಷ್ಟರಲ್ಲಿ ಸಾರು ಆರಿಹೋಗುತ್ತಿತ್ತು. ವೈದ್ಯರು ಔಷಧಿ ಬದಲಾಯಿಸಿದ ಮೇಲೆ ಆ ಕಾಯುವಿಕೆ ತಪ್ಪಿದೆ. ಮೊನ್ನೆ ನಮ್ಮ ಮಗಳು, “ಅಜ್ಜಿ, ಈ ನೀರಿನೊಳಗೆ ಇನ್ಸುಲಿನ್ ಹೇಗಿದೆಯೆಂದು ಯಾರಾದರೂ ನೋಡಿದ್ದಾರೆಯೆ?” ಎಂದಳು. “ನಿಮ್ಮಪ್ಪನನ್ನು ಕೇಳು ಪುಟ್ಟೀ, ಬಿ.ಎ. ಮಾಡಿದ್ದಾನಲ್ಲ” ಎಂದರು ತಾಯಿಯವರು. ನಮ್ಮದೋ ಚರಿತ್ರೆಯ ಬಿ.ಎ.! ಎರಡು ಭಾನುವಾರ ಗ್ರಂಥಾಲಯದಲ್ಲಿ ಕುಳಿತು ತಿಳಿದದ್ದನ್ನು ತಮ್ಮ ಮುಂದಿಡುತ್ತೇವೆ.

ನೋಡಿದವರಿದ್ದಾರೆ, ಆದರೆ ಬರಿಗಣ್ಣಿನಿಂದಲ್ಲ. ಕಣ್ಣಿಗೆ ಕಾಣುವ ಬೆಳಕಿನ ಅಲೆ ಪರಮಾಣುವಿಗಿಂತ ಸಾವಿರಾರು ಪಟ್ಟು ಉದ್ದ. ಅದರಿಂದ ಪರಮಾಣುವನ್ನು ಹುಡುಕುವುದೆಂದರೆ ಭತ್ತದ ಕೊಳಗದಲ್ಲಿ ಚಿನ್ನ ಅಳೆದಂತೆ. ಆದ್ದರಿಂದ ಕ್ಷ-ಕಿರಣವೇ ಬೇಕು. ಅದನ್ನು ಹುಟ್ಟಿಸುವ ಉಪಕರಣ ಒಂದು ಕೋಣೆಯಲ್ಲಿ ಹಿಡಿಸುತ್ತದೆ. ಗಾಳಿ ತೆಗೆದ ಕೊಳವೆಯ ಒಂದು ತುದಿಯಲ್ಲಿ ಕಾದ ತಂತಿ, ಎದುರಿಗೆ ತಾಮ್ರ. ಹತ್ತಾರು ಸಾವಿರ ವೋಲ್ಟುಗಳ ಸೆಳೆತಕ್ಕೆ ಎಲೆಕ್ಟ್ರಾನುಗಳು ತಂತಿಯಿಂದ ಹಾರಿ ತಾಮ್ರಕ್ಕೆ ಬಡಿದಾಗ ಕಿರಣ ಹೊಮ್ಮುತ್ತದೆ. ಅದರ ಅಲೆಯುದ್ದ 1.54 ಆಂಗ್‌ಸ್ಟ್ರಾಮ್, ಅಣುವಿನಲ್ಲಿ ಪಕ್ಕಪಕ್ಕದ ಪರಮಾಣುಗಳ ಅಂತರವೂ ಹೆಚ್ಚುಕಡಿಮೆ ಅಷ್ಟೇ.

ಆದರೆ ಖರ್ಚಾದ ಶಕ್ತಿಯಲ್ಲಿ ನೂರಕ್ಕೆ ಒಂದು ಪಾಲೂ ಕಿರಣವಾಗದು, ನಮ್ಮ ಸಂಬಳದಲ್ಲಿ ತಿಂಗಳ ಕೊನೆಗೆ ಉಳಿಯುವಂತೆ! ಮಿಕ್ಕದ್ದೆಲ್ಲ ಕಾವು. ಬೆಳಕು ಹೆಚ್ಚಿಸಹೋದರೆ ತಾಮ್ರವೇ ಕರಗುತ್ತದೆ. ಅದಕ್ಕೆ ಹಿಂದಿನಿಂದ ನೀರು ಹರಿಸಿದರು. ಆಮೇಲೆ, ರೊಟ್ಟಿ ಒಂದೇ ಕಡೆ ಸೀಯದಂತೆ ಹೆಂಚಿನ ಮೇಲೆ ತಿರುಗಿಸುವ ಹಾಗೆ, ತಾಮ್ರವನ್ನೇ ಗರಗರನೆ ತಿರುಗಿಸಿದರು. ಈ ಶತಮಾನದಲ್ಲಿ ಸ್ವೀಡನ್ನಿನವರು ದ್ರವಲೋಹದ ಧಾರೆಯನ್ನೇ ಗುರಿಯಾಗಿಸಿದರು. ಕರಗಿದ್ದು ಮತ್ತೆ ಕರಗುವುದೆಲ್ಲಿ?

ಇನ್ನು ಇನ್ಸುಲಿನ್ ಕಥೆ. ಪ್ರೋಟೀನನ್ನು ಹರಳುಗಟ್ಟಿಸಿ ಅದರ ಮೇಲೆ ಕಿರಣ ಬಿಟ್ಟರೆ ಫಿಲ್ಮಿನ ಮೇಲೆ ಚುಕ್ಕೆಗಳು ಮೂಡುತ್ತವೆ. ಅವುಗಳ ಸ್ಥಾನ, ಗಾಢತೆ ಅಳೆದು ಲೆಕ್ಕ ಹಾಕಿ ಅಣುವಿನ ರೂಪ ಕಟ್ಟಬೇಕು. ಆಕ್ಸ್‌ಫರ್ಡಿನಲ್ಲಿ ಡೊರೊತಿ ಹಾಡ್ಜ್‌ಕಿನ್ ಎಂಬ ಮಹಿಳೆ ಇನ್ಸುಲಿನ್ ಹರಳಿನ ಮೊದಲ ಚಿತ್ರ ತೆಗೆದದ್ದು 1934ರಲ್ಲಿ. ರೂಪ ತಿಳಿದದ್ದು 1969ರಲ್ಲಿ. ನಡುವೆ ಮೂವತ್ತೈದು ವರ್ಷ! ಇಂದೂರಿನ ಇಂಡಸ್-2ರಂತಹ ಮಹಾಯಂತ್ರಗಳಿಲ್ಲದೆ, ಪ್ರಯೋಗಾಲಯದ ಕೊಳವೆಯ ಬೆಳಕಿನಲ್ಲೇ ಆದ ಕೆಲಸವದು. ಆ ತಂಡದಲ್ಲಿದ್ದ ಎಂ. ವಿಜಯನ್ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಇಲ್ಲಿಯೂ ಈ ವಿದ್ಯೆಯನ್ನು ಬೆಳೆಸಿದರು. ಅವರ ಬಳಗ 1994ರಲ್ಲಿ ಪ್ರಕಟಿಸಿದ್ದು ಯಾವುದರ ರೂಪ ಗೊತ್ತೆ? ನಮ್ಮ ಕಡಲೆಕಾಯಿಯ ಒಂದು ಪ್ರೋಟೀನಿನದು.

ಇದರಿಂದ ನಮಗೇನು ಎಂದಿರಾ? ಹರಳಿನಲ್ಲಿ ಕಂಡದ್ದು, ಆರಾರು ಇನ್ಸುಲಿನ್ ಅಣುಗಳು ಸತುವಿನ ಸುತ್ತ ಗುಂಪುಗೂಡಿರುವುದು. ಗುಂಪು ಬಿಡಿಯಾಗದೆ ಔಷಧಿ ರಕ್ತಕ್ಕೆ ಬೇಗ ಸೇರದು. ಅರ್ಧ ಗಂಟೆ ಕಾಯಬೇಕಾಗಿದ್ದುದು ಅದಕ್ಕೇ. ಸರಪಳಿಯ ತುದಿಯ ಎರಡು ಕೊಂಡಿಗಳನ್ನು ಅದಲುಬದಲು ಮಾಡಿ, ಗುಂಪು ಬೇಗ ಚದುರುವ ಇನ್ಸುಲಿನ್ 1996ರಲ್ಲಿ ಬಳಕೆಗೆ ಬಂತು.

ಇಷ್ಟನ್ನೂ ಹೇಳಿ ಮುಗಿಸಿದಾಗ ತಾಯಿಯವರು ತಟ್ಟೆಯ ಮುಂದೆ ಕುಳಿತಿದ್ದರು. “ಆ ಹೆಂಗಸು ನನಗಾಗಿ ಅಷ್ಟು ವರ್ಷ ಕಾದಳೇನೋ! ನಾನು ಅರ್ಧ ಗಂಟೆಗೇ ಗೊಣಗಿದೆ” ಎಂದರು. ಸಾರಿನಿಂದ ಇನ್ನೂ ಹಬೆ ಏಳುತ್ತಿತ್ತು.