ಓಟಕ್ಕೆ ಮುಂಚಿನ ಭಾನುವಾರ



ನಲವತ್ತು ದಾಟಿದ ಹೆಂಗಸು ಬೆಳಗಿನ ಜಾವ ಬೂಟು ಹಾಕಿಕೊಂಡು ಬೀದಿಯಲ್ಲಿ ಓಡಿದರೆ ಊರು ಏನನ್ನುತ್ತೆ? ನಮ್ಮ ಚಿತ್ರದುರ್ಗದಲ್ಲಿ ಮೊದಮೊದಲು "ಬಸ್ಸು ತಪ್ಪಿತೇನಮ್ಮಾ?" ಅಂತ ಕೇಳಿದವರೇ ಹೆಚ್ಚು. ಈಗ ಅಭ್ಯಾಸವಾಗಿದೆ, ಅವರಿಗೂ ನನಗೂ.

ನಾನು ಓಡಲು ಹಿಡಿದದ್ದು ಶೋಕಿಗಲ್ಲ ಕಣ್ರೀ. ನಮ್ಮಮ್ಮ ಸಕ್ಕರೆ ಕಾಯಿಲೆಯಿಂದ ಒಂದು ಪಾದ ಕಳೆದುಕೊಂಡು ಕೊನೆಯ ವರ್ಷಗಳನ್ನು ಮಂಚದ ಮೇಲೇ ಕಳೆದರು. ನನಗೂ ಸಕ್ಕರೆ ಗಡಿಯಲ್ಲಿದೆ ಅಂತ ಡಾಕ್ಟರು ಹೇಳಿದ ದಿನ ಆ ಮಂಚವೇ ಕಣ್ಣ ಮುಂದೆ ಬಂತು. ಮಾರನೇ ದಿನದಿಂದಲೇ ಒನಕೆ ಓಬವ್ವ ಕ್ರೀಡಾಂಗಣದಲ್ಲಿ ನಡಿಗೆ, ಕೆಲವು ತಿಂಗಳಾದ ಮೇಲೆ ಚಂದ್ರವಳ್ಳಿ ಕಡೆಗೆ ಓಟ. ಹಿರಿಯೂರಿನ ನನ್ನ ತಂಗಿ, ಹೊಳಲ್ಕೆರೆಯ ನಾದಿನಿ, ಹೊಸದುರ್ಗದ ನನ್ನ ಹೈಸ್ಕೂಲು ಗೆಳತಿ, ಇವರೂ ಜೊತೆಗೂಡಿದರು. ಅವರವರ ಊರಲ್ಲಿ ಓಡುವುದು, ರಾತ್ರಿ ಪಾತ್ರೆ ತೊಳೆದ ಮೇಲೆ ಫೋನಿನಲ್ಲಿ ಲೆಕ್ಕ ಒಪ್ಪಿಸುವುದು. ಭಾನುವಾರ ಮಾತ್ರ ಉದ್ದನೆಯ ಓಟ, 12ರಿಂದ 14 ಕಿಲೋಮೀಟರು.

ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ಹತ್ತು ಕಿಲೋಮೀಟರಿನ ದೊಡ್ಡ ಓಟದ ಸುದ್ದಿ ನೀವೂ ಕೇಳಿರಬಹುದು. ಕೆನ್ಯಾದ ಐರೀನ್ ಚೆಪ್ಟಾಯ್ ಅಲ್ಲಿ 2022ರಲ್ಲಿ 30 ನಿಮಿಷ 35 ಸೆಕೆಂಡಿನಲ್ಲಿ ಗುರಿ ಮುಟ್ಟಿದಳು. ನಮ್ಮಂಥವರೂ ಅದರಲ್ಲಿ ಓಡಬಹುದು. 2024ರ ಏಪ್ರಿಲ್ 28ಕ್ಕೆ ನಾನೂ ಹೆಸರು ಕೊಟ್ಟೆ.

ಆಗ ಮಾಡಿದ ತಪ್ಪನ್ನು ಕೇಳಿ. ಹತ್ತು ಓಡಬೇಕಾದರೆ ಹದಿನೈದು ಓಡಿ ತೋರಿಸೋಣ ಅಂತ, ಒಂದು ವಾರ ಮುಂಚಿನ ಭಾನುವಾರ 15 ಕಿಲೋಮೀಟರು ಓಡಿದೆ. ಮಂಗಳವಾರ, ಬುಧವಾರ ಬಿರುಬಿಸಿಲಿನಲ್ಲಿ ಮಾಳಿಗೆ ಮೇಲೆ ಕೂತು ಅಕ್ಕಿ ಸಂಡಿಗೆ ಇಟ್ಟೆ. ಗುರುವಾರ ಮನಸ್ಸು ತಡೆಯದೆ ಮತ್ತೆ 8 ಕಿಲೋಮೀಟರು! ಓಟದ ದಿನ ಆರನೇ ಕಿಲೋಮೀಟರಿಗೆ ಮೀನಖಂಡ ಕಲ್ಲಿನ ಹಾಗೆ ಹಿಡಿದುಕೊಂಡಿತು. ರಸ್ತೆ ಬದಿ ಕೂತೆ, ಎದ್ದು ಕುಂಟಿದೆ, ಅಂತೂ ಮುಗಿಸಿದಾಗ 1 ಗಂಟೆ 52 ನಿಮಿಷ. ವಾಪಸು ಬರುವಾಗ ಬಸ್ಸಿನಲ್ಲಿ ತುಮಕೂರು ದಾಟುವವರೆಗೂ ಅತ್ತೆ. ನಮ್ಮ ಯಜಮಾನರು ಏನೂ ಅನ್ನದೆ ನೀರಿನ ಬಾಟಲಿ ಕೈಗೆ ಕೊಟ್ಟರು.

ನಾದಿನಿಯ ನೆರೆಮನೆಯಲ್ಲಿ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರಿದ್ದಾರೆ. ಕಥೆ ಕೇಳಿ ನಕ್ಕರು. "ಇಡ್ಲಿ ಹಿಟ್ಟು ರುಬ್ಬಿದ ಮೇಲೆ ಏನು ಮಾಡ್ತೀರಮ್ಮಾ? ರಾತ್ರಿಯೆಲ್ಲ ಬಿಡ್ತೀರಿ. ಉಬ್ಬೋದು ಬಿಟ್ಟಾಗಲೇ, ರುಬ್ಬುವಾಗ ಅಲ್ಲ. ಕಾಲೂ ಹಾಗೇ."

ಎಷ್ಟು ಸರಿಯಾದ ಮಾತು! ಉದ್ದ ಓಡಿದಾಗ ಕಾಲಿನ ಸ್ನಾಯುಗಳಲ್ಲಿ ಸಣ್ಣ ಸಣ್ಣ ಹರಿತಗಳಾಗುತ್ತವೆ, ಕೂಡಿಟ್ಟ ಪಿಷ್ಟವೂ ಖರ್ಚಾಗುತ್ತದೆ. ಇವೆರಡೂ ಸರಿಹೋಗಲು ಕೆಲವು ದಿನ ಬೇಕು. ತಿಂಗಳುಗಟ್ಟಲೆ ಗಳಿಸಿದ ಶಕ್ತಿ ಒಂದು ವಾರ ಕಡಿಮೆ ಓಡಿದರೆ ಎಲ್ಲಿಗೂ ಹೋಗುವುದಿಲ್ಲ. ಕೊನೆಯ ವಾರ ಹೆಚ್ಚು ಓಡಿದರೆ ಹೊಸ ಶಕ್ತಿ ಬರುವುದೂ ಇಲ್ಲ, ಆಯಾಸ ಮಾತ್ರ ಬರುತ್ತೆ.

2025ರ ಏಪ್ರಿಲ್ 27ರ ಓಟಕ್ಕೆ ನಾನು ಅನುಸರಿಸಿದ ಕ್ರಮ ಇದು. ಬೇಕಾದವರು ಕತ್ತರಿಸಿ ಅಡುಗೆಮನೆ ಗೋಡೆಗೆ ಅಂಟಿಸಿಕೊಳ್ಳಿ.

ಎರಡು ವಾರ ಮುಂಚಿನ ಭಾನುವಾರ: ಎಂದಿನಂತೆ 13 ಕಿಲೋಮೀಟರು. ಇದೇ ಕೊನೆಯ ಉದ್ದ ಓಟ.

ಒಂದು ವಾರ ಮುಂಚಿನ ಭಾನುವಾರ: ಅದರ ಅರ್ಧ, 6ರಿಂದ 7 ಕಿಲೋಮೀಟರು, ಮಾತಾಡಿಕೊಂಡು ಓಡುವಷ್ಟು ನಿಧಾನ.

ಮಂಗಳವಾರ: 4 ಕಿಲೋಮೀಟರು. ನಡುವೆ ನಾಲ್ಕು ಸಲ ಒಂದೊಂದು ನಿಮಿಷ ಚುರುಕಾಗಿ. ಪೂರ್ತಿ ನಿಲ್ಲಿಸಿಬಿಟ್ಟರೆ ಕಾಲು ಜಡವಾಗುತ್ತೆ. ದೂರ ಇಳಿಸಿ, ಚುರುಕನ್ನು ಬಿಡಬೇಡಿ.

ಗುರುವಾರ: 3 ಕಿಲೋಮೀಟರು ನಿಧಾನ. ಶುಕ್ರವಾರ ವಿಶ್ರಾಂತಿ. ಶನಿವಾರ ಹದಿನೈದು ನಿಮಿಷ ನಡಿಗೆ.

ಐದು ಕಿಲೋಮೀಟರಿನ ಓಟವಾದರೂ ನಿಯಮ ಇದೇ, ಮುಂಚಿನ ಭಾನುವಾರದ ದೂರವನ್ನು ಅರ್ಧಕ್ಕೆ ಇಳಿಸಿ. ಹೊಸದುರ್ಗದ ಗೆಳತಿಯ ಲೆಕ್ಕ ಬೇರೆ. ಅವಳ ಗುರಿ ಮುಂದೆಂದೋ 21 ಕಿಲೋಮೀಟರು, ಹತ್ತರ ಓಟ ದಾರಿಯಲ್ಲಿ ಸಿಗುವ ಒಂದು ಮೆಟ್ಟಿಲು. ಅವಳು ಉದ್ದ ಓಟವನ್ನು ಮೂರರಲ್ಲಿ ಒಂದು ಪಾಲು ಕಡಿಮೆ ಮಾಡಿದರೂ ಸಾಕು. ಆದರೆ ತಪ್ಪಿದ ಕಿಲೋಮೀಟರುಗಳನ್ನು ಮುಂದಿನ ವಾರ ಸೇರಿಸಿ ಓಡಬಾರದು. ಓಟ ಬಡ್ಡಿ ಸಾಲವಲ್ಲ, ತೀರಿಸಬೇಕಿಲ್ಲ.

ಊಟದ ವಿಷಯಕ್ಕೆ ಬರೋಣ. ಹಿಂದಿನ ರಾತ್ರಿ ಮೆತ್ತನೆ ಅನ್ನ, ಹೆಸರುಬೇಳೆ ತೊವ್ವೆ. ಮಂಡಕ್ಕಿ ಮೆಣಸಿನಕಾಯಿ ಕಂಡರೆ ಬಾಯಲ್ಲಿ ನೀರೂರುತ್ತೆ ನಿಜ, ಅದು ಓಟ ಮುಗಿದ ಮೇಲೆ. ಬೆಳಿಗ್ಗೆ ಹೊರಡುವ ಒಂದೂವರೆ ಗಂಟೆ ಮುಂಚೆ ನನ್ನದು ರಾಗಿ ಗಂಜಿ: ಎರಡು ಚಮಚ ರಾಗಿ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ಒಂದು ಲೋಟ ನೀರಿಗೆ ಹಾಕಿ ಐದಾರು ನಿಮಿಷ ತಿರುವಿ, ಉಪ್ಪು ಹಾಕಿ ಇಳಿಸುವುದು. ಜೊತೆಗೊಂದು ಬಾಳೆಹಣ್ಣು. ಅಭ್ಯಾಸದ ದಿನ ತಿಂದು ನೋಡದ್ದನ್ನು ಓಟದ ದಿನ ತಿನ್ನಬೇಡಿ. ಹೊಸ ಬೂಟಿಗೂ ಇದೇ ಮಾತು. ಸಕ್ಕರೆ ಕಾಯಿಲೆಗೆ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಓಡಿ, ಜೊತೆಗೆ ಬೆಲ್ಲವೋ ಗ್ಲೂಕೋಸೋ ಇರಲಿ. ಎದೆ ನೋವು, ತಲೆಸುತ್ತು ಬಂದರೆ ಆ ಕ್ಷಣವೇ ನಿಲ್ಲಿ.

ಈ ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು ಗೊತ್ತೇ? ಕಡಿಮೆ ಮಾಡುವುದು! ಹೆಚ್ಚು ಮಾಡಿ ಅಂದರೆ ನಾವು ಹೆಂಗಸರು ಎಷ್ಟಾದರೂ ಮಾಡುತ್ತೇವೆ. ಸುಮ್ಮನೆ ಕೂರಿ ಅಂದರೆ ಕಳ್ಳತನ ಮಾಡಿದ ಹಾಗೆ ಎದೆ ಹೊಡೆದುಕೊಳ್ಳುತ್ತೆ. ಭಾನುವಾರ ಏಳು ಕಿಲೋಮೀಟರು ಓಡಿ ಬೇಗ ಮನೆಗೆ ಬಂದವಳು ಆ ಉಳಿದ ಹೊತ್ತಿನಲ್ಲಿ ಅಟ್ಟದ ಡಬ್ಬಿ ಇಳಿಸಿ ತೊಳೆಯಲು ಹೊರಟಿದ್ದೆ, ನೋಡಿ! ಓಟ ಇಳಿಸಿ ಮನೆಗೆಲಸ ಏರಿಸಿದರೆ ಕಾಲಿಗೇನು ಲಾಭ?

ಆದ್ದರಿಂದ ಈ ಸಲ ಧೈರ್ಯ ಮಾಡಿ ಅತ್ತೆಯವರಿಗೆ ಹೇಳಿದೆ, "ಈ ವಾರ ಸಂಡಿಗೆ ಬೇಡ ಅತ್ತೆ." ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. "ಬಿಸಿಲು ಎಲ್ಲಿಗೆ ಓಡಿ ಹೋಗುತ್ತೆ? ಮೇ ತಿಂಗಳಲ್ಲಿ ಇಡೋಣ. ನೀನು ಕಾಲು ಚಾಚಿ ಕೂತ್ಕೋ" ಅಂದರು. ಇಷ್ಟು ವರ್ಷ ನಾನು ಕೇಳಿರಲಿಲ್ಲ, ಅವರು ಬೇಡ ಅಂದಿರಲೂ ಇಲ್ಲ.

ಆ ಸಲ 1 ಗಂಟೆ 21 ನಿಮಿಷ. ಎಲ್ಲೂ ಕೂರಲಿಲ್ಲ. ಸಕ್ಕರೆ ಈಗಲೂ ಗಡಿಯಲ್ಲೇ ಇದೆ, ದಾಟಿಲ್ಲ. ನನಗೆ ಅಷ್ಟು ಸಾಕು.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿಯವರೆಗೆ ಓಡುವವರು ಓಡಿ, ಉಳಿದವರು ನಡೆಯಿರಿ. ದಿನಕ್ಕೊಂದು ಗಳಿಗೆಯಾದರೂ ಎಲ್ಲರೂ ಕಾಲು ಚಾಚಿ ಕೂರಿ.