ತುಕ್ಕು ಬಿಡಿಸುವ ವಿದ್ಯುತ್ತು

ಇಂಗ್ಲೆಂಡಿನ ಬೀಸ್ಟನ್‌ನಲ್ಲಿ 1940ರ ದಶಕದಲ್ಲಿ ತಯಾರಾಗತೊಡಗಿದ ಮೈಫರ್ಡ್ ಎಂ.ಎಲ್.7 ಲೇತನ್ನು ಅಲ್ಲಿನ ಹವ್ಯಾಸಿಗಳು ಇಂದಿಗೂ ಮನೆಯ ಶೆಡ್ಡಿನಲ್ಲಿ ರಿಪೇರಿ ಮಾಡಿ ಓಡಿಸುತ್ತಾರೆ. ತುಕ್ಕು ಹಿಡಿದ ಬಿಡಿಭಾಗವನ್ನು ಎಮರಿ ಕಾಗದದಿಂದ ಉಜ್ಜಿದರೆ ಲೋಹವೂ ಸವೆದು ಅಳತೆ ಕೆಡುತ್ತದೆ. ಆದ್ದರಿಂದ ಅನೇಕರು ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ವಾಷಿಂಗ್ ಸೋಡಾ ಬೆರೆಸಿ, ಬಿಡಿಭಾಗವನ್ನು 12 ವೋಲ್ಟ್ ಬ್ಯಾಟರಿ ಚಾರ್ಜರಿನ ಋಣ ತುದಿಗೆ, ಹಳೆಯ ಕಬ್ಬಿಣದ ಪಟ್ಟಿಯನ್ನು ಧನ ತುದಿಗೆ ಜೋಡಿಸಿ, ಒಂದಕ್ಕೊಂದು ತಾಗದಂತೆ ಮುಳುಗಿಸುತ್ತಾರೆ. ಪರೀಕ್ಷೆಗೆಂದು ಬಾಯಿಪಾಠ ಮಾಡುವ ವಿದ್ಯುದ್ವಿಭಜನೆಯೇ ಇದು! ಬಿಡಿಭಾಗದ ಮೇಲೆ ಹೈಡ್ರೋಜನ್ ಗುಳ್ಳೆಗಳೇಳುತ್ತವೆ. ತುಕ್ಕು ಕಪ್ಪಾಗಿ ಸಡಿಲಗೊಳ್ಳುತ್ತದೆ. ಒಳಗಿನ ಲೋಹ ಸವೆಯುವುದಿಲ್ಲ.

ಪಾಲಕರು ಗಮನಿಸಬೇಕು. ಹೈಡ್ರೋಜನ್ ಹೊತ್ತಿಕೊಳ್ಳುವ ಅನಿಲ. ಪ್ರಯೋಗ ಬಯಲಿನಲ್ಲಿ, ಹಿರಿಯರ ಎದುರಿನಲ್ಲೇ ನಡೆಯಲಿ. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಚಮಚ ಕಟ್ಟಲೇಬಾರದು. ಅದರ ಕ್ರೋಮಿಯಂ ನೀರಿಗಿಳಿದು ಕ್ಯಾನ್ಸರ್‌ಕಾರಕ ಕ್ರೋಮೇಟ್ ಆಗಬಲ್ಲದು. ತೊಳೆದ ಭಾಗವನ್ನು ಕೂಡಲೇ ಒಣಗಿಸಿ ಎಣ್ಣೆ ಸವರದಿದ್ದರೆ ಮರುದಿನವೇ ಮತ್ತೆ ಕೆಂಪು.