ಕೇಳಿದ್ದಕ್ಕಷ್ಟೇ ಉತ್ತರ!

"ಸಕ್ಕರೆ ಇದೆಯಾ ನೋಡೋ" ಅಂತ ಮಗನಿಗೆ ಹೇಳಿ ನೋಡಿ. ಡಬ್ಬಿ ತೆಗೆದು "ಇದೆ" ಅಂದು ಆಟಕ್ಕೆ ಓಡುತ್ತಾನೆ. ತಳದಲ್ಲಿ ಎರಡೇ ಚಮಚ ಉಳಿದಿದೆ ಅನ್ನೋದು ಕಾಫಿಗೆ ನೀರಿಟ್ಟ ಮೇಲೆ ನಮಗೆ ಗೊತ್ತಾಗುತ್ತೆ. ಅವನನ್ನು ಬೈದೇನು ಫಲ? ನಾವು ಕೇಳಿದ್ದೇ ಅಷ್ಟು! ಕಂಪ್ಯೂಟರೂ ಥೇಟ್ ಹೀಗೇ ಅನ್ನೋ ಪಾಠ ನನಗಾದದ್ದು ನಮ್ಮ ಬೀದಿಯ ಮಹಿಳೆಯರ ಉಳಿತಾಯ ಸಂಘದ ಲೆಕ್ಕ ಬರೆಯುವಾಗ.

ಸಂಘದಲ್ಲಿ ನಾವು 22 ಜನ. ಕೈಲಾದಷ್ಟು ಕಟ್ಟುವುದು, ಬೇಕಾದಾಗ ಸಾಲ ಪಡೆದು ಕಂತಿನಲ್ಲಿ ತೀರಿಸುವುದು. ಲೆಕ್ಕವೆಲ್ಲ ನನ್ನ ನೋಟ್‌ಬುಕ್ಕಿನಲ್ಲಿ. ದ್ವಿತೀಯ ಪಿಯುಸಿಯಲ್ಲಿದ್ದ ಅಕ್ಕನ ಮಗಳು ತನ್ನ ಕಂಪ್ಯೂಟರ್ ಸೈನ್ಸ್ ಪುಸ್ತಕ ತೋರಿಸಿ, "ಚಿಕ್ಕಮ್ಮಾ, ಇದರಲ್ಲಿ ಎಸ್‌ಕ್ಯೂಎಲ್ ಪಾಠ ಇದೆ. ಡೇಟಾಬೇಸ್ ಮಾಡಿಬಿಡಿ" ಅಂದಳು. ಬಿ.ಎ. ಓದಿದ ನನಗೆ ಇದೆಲ್ಲ ಯಾಕೆ ಅನ್ನಿಸಿತು. ಆದರೂ ಮನೆಯವರ ಹಳೇ ಲ್ಯಾಪ್‌ಟಾಪಿಗೆ ಉಚಿತವಾಗಿ ಸಿಗುವ ಮೈಎಸ್‌ಕ್ಯೂಎಲ್ ಹಾಕಿಸಿಕೊಂಡು ಕೂತೆ.

ವಿಷಯ ಅಷ್ಟೇನೂ ಕಷ್ಟದ್ದಲ್ಲ. ಸದಸ್ಯರಿಗೊಂದು ಟೇಬಲ್, ಉಳಿತಾಯಕ್ಕೊಂದು, ಸಾಲದ ಕಂತಿಗೊಂದು. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ, ಮೂರೂ ಟೇಬಲ್‌ಗಳನ್ನು ಬೆಸೆಯುವುದು ಅದೇ. ನಮ್ಮಲ್ಲಿ ಇಬ್ಬರು ಲಕ್ಷ್ಮಿಯರಿದ್ದಾರೆ. ಸಂಖ್ಯೆ ಇರೋದರಿಂದ ಒಬ್ಬರ ದುಡ್ಡು ಇನ್ನೊಬ್ಬರ ಲೆಕ್ಕಕ್ಕೆ ಹೋಗದು. ಯಾರದಾದರೂ ಫೋನ್ ನಂಬರ್ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲೇ ಈ ವಿಧಾನವನ್ನು ಬರೆದು ಪ್ರಕಟಿಸಿದ್ದರು. 1974ರಲ್ಲಿ ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅದಕ್ಕೊಂದು ಪ್ರಶ್ನೆ ಕೇಳುವ ಭಾಷೆ ರೂಪಿಸಿದರು. ಇಂದಿನ ಎಸ್‌ಕ್ಯೂಎಲ್ ಬೆಳೆದದ್ದು ಅದರಿಂದ. ಕಂಪ್ಯೂಟರ್ ಪಂಡಿತರಲ್ಲದವರೂ ಬಳಸಲಿ ಅನ್ನೋದು ಅವರ ಆಸೆಯಾಗಿತ್ತಂತೆ. ಅಂದರೆ ನಮ್ಮಂಥವರು!

'ಸೆಲೆಕ್ಟ್' ಅಂದರೆ ಏನು ಬೇಕು, 'ಫ್ರಮ್' ಅಂದರೆ ಯಾವ ಟೇಬಲ್‌ನಿಂದ, 'ವೇರ್' ಅಂದರೆ ಯಾವ ಷರತ್ತಿಗೆ. 'ಸಮ್' ಕೂಡಿಸುತ್ತದೆ, 'ಗ್ರೂಪ್ ಬೈ' ಒಬ್ಬೊಬ್ಬರದೂ ಬೇರೆ ಬೇರೆ ಗುಂಪು ಮಾಡುತ್ತದೆ, 'ಜಾಯಿನ್' ಟೇಬಲ್‌ಗಳನ್ನು ಜೋಡಿಸುತ್ತದೆ. ಇಷ್ಟು ಬಂದದ್ದೇ ತಡ, ನಾನು ಬೀಗಿದ್ದೇ ಬೀಗಿದ್ದು.

ಬ್ಲೌಸ್ ಹೊಲಿಯುವ ನಮ್ಮ ಸದಸ್ಯೆಯೊಬ್ಬಳು ಬಂದು, "ಅಕ್ಕಾ, ಮಗನ ಕಾಲೇಜಿಗೆ ಸೋಮವಾರ ಫೀಸ್ ಕಟ್ಟಬೇಕು. ನನ್ನ ಉಳಿತಾಯ ಎಷ್ಟಾಗಿದೆ?" ಅಂದಳು. ಮೂರೂ ಟೇಬಲ್ ಜಾಯಿನ್ ಮಾಡಿ ಮೊತ್ತ ಕೇಳಿದೆ. 18,700 ರೂಪಾಯಿ ಅಂತ ಬಂತು. ಖುಷಿಯಿಂದ ಹೋದಳು, ಕಾಲೇಜಿನವರಿಗೂ ಹೇಳಿಬಿಟ್ಟಳು. ಭಾನುವಾರ ಬ್ಯಾಂಕ್ ಪಾಸ್‌ಬುಕ್ಕಿನ ಜೊತೆ ತಾಳೆ ನೋಡಿದರೆ ಲೆಕ್ಕ ಕೂಡಲೇ ಇಲ್ಲ. ನೋಟ್‌ಬುಕ್ ತೆಗೆದೆ. ಅವಳು ಕಟ್ಟಿದ್ದು 9,350, ಸರಿಯಾಗಿ ಅರ್ಧ!

ಆದದ್ದಿಷ್ಟೇ. ಆಕೆ ಸಾಲದ ಎರಡು ಕಂತು ಕಟ್ಟಿದ್ದಳು. ಉಳಿತಾಯ ಮತ್ತು ಕಂತು ಎರಡನ್ನೂ ಒಟ್ಟಿಗೆ ಜೋಡಿಸಿದಾಗ, ಉಳಿತಾಯದ ಪ್ರತಿ ಸಾಲೂ ಎರಡೂ ಕಂತುಗಳ ಜೊತೆ ಒಂದೊಂದು ಸಲ ಬಂತು. ಕೂಡಿಸಿದರೆ ಇಮ್ಮಡಿ. ಮೂರು ಕಂತು ಕಟ್ಟಿದ್ದರೆ ಮೂರು ಪಟ್ಟು ಆಗುತ್ತಿತ್ತು. ಮೊದಲು ಉಳಿತಾಯವನ್ನು ಸದಸ್ಯರ ಸಂಖ್ಯೆಯ ಮೇಲೆ ಪ್ರತ್ಯೇಕವಾಗಿ ಕೂಡಿಸಿ, ಕಂತುಗಳನ್ನೂ ಹಾಗೇ ಕೂಡಿಸಿ, ಆಮೇಲೆ ಜೋಡಿಸಬೇಕಿತ್ತು. ಎರಡನೇ ಕ್ವೆರಿ ಹಾಗೇ ಬರೆದೆ, ಸರಿಯಾಗಿ ಬಂತು.

ಆದರೆ ಅವಳ ಮನೆಗೆ ಹೋಗಿ ಹೇಳುವಾಗ ನನ್ನ ಬಾಯಿ ಒಣಗಿತ್ತು ಕಣ್ರೀ. ಆಕೆ ಬೈಯಲಿಲ್ಲ. ಹೊಲಿಗೆ ಮಷೀನ್ ನಿಲ್ಲಿಸಿ, "ಕಂಪ್ಯೂಟರೂ ಸುಳ್ಳು ಹೇಳುತ್ತಾ ಅಕ್ಕಾ?" ಅಂದಳು. ಇಲ್ಲಮ್ಮಾ, ತಪ್ಪು ಕೇಳಿದ್ದು ನಾನೇ ಅಂದೆ. ಉಳಿದ ದುಡ್ಡನ್ನು ಸಂಘದಿಂದ ಸಾಲ ಕೊಡಿಸಿದೆವು. ಫೀಸು ಕಟ್ಟಿದ್ದಾಯ್ತು, ಆದರೆ ಅವಳ ತಲೆ ಮೇಲೆ ಇನ್ನೊಂದು ಸಾಲ ಕೂತಿತು.

ಹಾಗಂತ ನೋಟ್‌ಬುಕ್ಕೇ ವಾಸಿ ಅಂತೀರಾ? ನಾನು ಒಪ್ಪೋದಿಲ್ಲ. ಸರಿಯಾಗಿ ಬಂದ ಆ ಕ್ವೆರಿಯನ್ನು ಫಂಕ್ಷನ್ ಮಾಡಿ ಹೆಸರಿಟ್ಟೆ. ಈಗ ಸದಸ್ಯರ ಸಂಖ್ಯೆ ಕೊಟ್ಟರೆ ಉಳಿತಾಯ ಎಷ್ಟು ಅಂತ ಹೇಳುತ್ತದೆ. ಸಾರಿನ ಪುಡಿಯನ್ನು ದಿನಾ ಹುರಿದು ಕುಟ್ಟುತ್ತೀವಾ? ಒಮ್ಮೆ ಹದವಾಗಿ ಮಾಡಿಟ್ಟು ತಿಂಗಳಿಡೀ ಬಳಸುತ್ತೀವಿ. ಹಾಗೇ ಇದು. ತಡವಾದ ಕಂತಿನ ದಂಡಕ್ಕೂ ಒಂದು ಫಂಕ್ಷನ್ ಇದೆ. ದಿನಕ್ಕೆ 2 ರೂಪಾಯಿ ಇದ್ದದ್ದನ್ನು ಸಂಘ 1 ರೂಪಾಯಿ ಮಾಡಿದಾಗ ಒಂದೇ ಜಾಗದಲ್ಲಿ ತಿದ್ದಿದೆ. ಪುಡಿಗೆ ಉಪ್ಪು ಜಾಸ್ತಿಯಾದರೆ ತಿಂಗಳಿಡೀ ಸಾರು ಉಪ್ಪು ತಾನೆ? ಫಂಕ್ಷನ್ನಲ್ಲಿ ತಪ್ಪಿದ್ದರೂ ಹಾಗೇ. ಆದ್ದರಿಂದ ಮೊದಲೇ ರುಚಿ ನೋಡಬೇಕು.

ರುಚಿ ನೋಡೋದು ಹೇಗೆ? ಸಾಲ ಇಲ್ಲದವರು ಒಬ್ಬರು, ಹಲವು ಕಂತು ಕಟ್ಟಿದವರು ಒಬ್ಬರು, ಈ ತಿಂಗಳಷ್ಟೇ ಸೇರಿದವರು ಒಬ್ಬರು, ಹೀಗೆ ಮೂವರನ್ನು ಆರಿಸಿ. ಅವರ ಲೆಕ್ಕವನ್ನು ಕೈಯಲ್ಲೇ ಮಾಡಿ, ಕಂಪ್ಯೂಟರ್ ಉತ್ತರದ ಪಕ್ಕ ಇಟ್ಟು ನೋಡಿ. ಮೂರೂ ತಾಳೆಯಾದ ಮೇಲೇ ಇನ್ನೊಬ್ಬರಿಗೆ ಮೊತ್ತ ಹೇಳಿ.

"ಲೆಕ್ಕ ಮಗ ನೋಡ್ಕೋತಾನೆ, ನನಗೇನೂ ಗೊತ್ತಾಗಲ್ಲ" ಅನ್ನುವ ಗೆಳತಿಯರಿಗೆ ನನ್ನದೊಂದು ಮಾತು. ಯಾರು ಯಾವಾಗ ಕಟ್ಟಿದರು, ಯಾರ ಮನೆಯಲ್ಲಿ ಏನು ಕಷ್ಟ ಅಂತ ತಿಳಿದಿರೋದು ನಿಮಗೆ. ಮೊತ್ತ ನೋಡಿದ ಕೂಡಲೇ "ಇಷ್ಟೊಂದು ಇರೋಕೆ ಸಾಧ್ಯವೇ?" ಅಂತ ಅನುಮಾನ ಬರೋದೂ ನಿಮಗೇ. ಅವತ್ತು ನನಗೂ ಬರಬೇಕಿತ್ತು, ಪರದೆಯ ಮೇಲಿನ ಅಂಕಿಗೆ ಮರುಳಾದೆ. ಪ್ರಶ್ನೆ ನೀವೇ ಬರೆಯಿರಿ, ಉತ್ತರವನ್ನು ನೀವೇ ಅನುಮಾನಿಸಿ. ಮಧ್ಯಾಹ್ನ ಅರ್ಧ ಗಂಟೆ ಸಾಕು, ಇವತ್ತೇ ಶುರು ಮಾಡಬಾರದೇಕೆ?